ಜಾನ್ ಕಾನಿಯವರನ್ನು ಬೆಳೆಸಿದ್ದು ನೋವಲ್ಲ

ದಕ್ಷಿಣ ಆಫ್ರಿಕಾದ ರಂಗಭೂಮಿಯ ಪ್ರಸ್ತಾಪ ಬಂದಲ್ಲೆಲ್ಲ ಒಂದು ಅಭಿಪ್ರಾಯ ಅದರ ಬೆನ್ನಿಗೇ ಬರುತ್ತದೆ. ಅಲ್ಲಿ ಅಷ್ಟು ಕ್ರೂರವಾದ ವರ್ಣಭೇದ ನೀತಿ ಇತ್ತು, ಜನ ಅಷ್ಟು ನೊಂದಿದ್ದರು, ಅದಕ್ಕೇ ಅಂಥ ನಾಟಕಗಳೂ ಅಂಥ ನಟರೂ ಹುಟ್ಟಿದರು ಎನ್ನುವ ಅಭಿಪ್ರಾಯ ಅದು. ಹೇಳುವವರ ಉದ್ದೇಶ ಒಳ್ಳೆಯದೇ. ನೊಂದವರ ಪರವಾಗಿ ನಿಂತು, ಅವರ ಸಂಕಟಕ್ಕೆ ಒಂದು ಬೆಲೆ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಈ ಮಾತು ಬರುತ್ತದೆ. ಹಾಗೆ ಹೇಳುವವರಲ್ಲಿ ನಾನು ಗೌರವಿಸುವ ಹಿರಿಯರೂ ಇದ್ದಾರೆ. ಆದರೂ ಈ ಮಾತನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಜಾನ್ ಕಾನಿ ಎಂಬ ನಟ ನಡೆದುಬಂದ ದಾರಿಯನ್ನು ವರ್ಷ ವರ್ಷವಾಗಿ ನೋಡುತ್ತ ಹೋದರೆ ಈ ಅಭಿಪ್ರಾಯ ನಿಲ್ಲುವುದೇ ಇಲ್ಲ.

ಕಾನಿಯವರ ಮುಖ ನಮ್ಮಲ್ಲಿ ಹಲವರಿಗೆ ಸಿನಿಮಾದಿಂದ ಪರಿಚಿತ. ‘ಬ್ಲ್ಯಾಕ್ ಪ್ಯಾಂಥರ್’ನ ಮುದಿ ದೊರೆ ಟಿಚಾಕಾ ಅವರೇ. 2019ರ ‘ದಿ ಲಯನ್ ಕಿಂಗ್’ನಲ್ಲಿ ರಫಿಕಿಗೆ ದನಿ ಕೊಟ್ಟವರೂ ಅವರೇ. ಅದೆಲ್ಲ ಎಪ್ಪತ್ತು ದಾಟಿದ ಮೇಲಿನ ಸಂಗತಿ. ಹುಟ್ಟಿದ್ದು 1943ರಲ್ಲಿ, ಈಗ ಗೆಬೆರ್ಹಾ ಎಂದು ಕರೆಯುವ ಪೋರ್ಟ್ ಎಲಿಜಬೆತ್ ಪಕ್ಕದ ನ್ಯೂ ಬ್ರೈಟನ್ ಎಂಬ ಟೌನ್‌ಶಿಪ್‌ನಲ್ಲಿ. ಕಪ್ಪು ಜನರನ್ನು ಊರಿನಿಂದ ಹೊರಗಿಟ್ಟು ನೆಲೆಸಲು ಬಿಟ್ಟ ಜಾಗ ಅದು. ಫೋರ್ಡ್ ಕಾರು ಕಾರ್ಖಾನೆಯಲ್ಲಿ ದುಡಿದರು. 1965ರಲ್ಲಿ ಒಂದು ಹವ್ಯಾಸಿ ನಾಟಕ ತಂಡ ಸೇರಿದರು. ಹತ್ತು ವರ್ಷದ ಮೇಲೆ ನ್ಯೂಯಾರ್ಕಿನಲ್ಲಿ ಗೆಳೆಯ ವಿನ್‌ಸ್ಟನ್ ನ್ಟ್ಶೋನಾ ಜೊತೆ ಶ್ರೇಷ್ಠ ನಟನ ಟೋನಿ ಪ್ರಶಸ್ತಿಯನ್ನು ಹಂಚಿಕೊಂಡರು. 1989ರಲ್ಲಿ ನಿರ್ದೇಶಕ ಬಾರ್ನಿ ಸೈಮನ್ ಜೊತೆ ಸೇರಿ ಜೋಹಾನ್ಸ್‌ಬರ್ಗಿನಲ್ಲಿ ಒಂದು ರಂಗಶಾಲೆ ಕಟ್ಟಿದರು. ಅವರ ಬಗ್ಗೆ ಬರೆಯುವವರು ಟೋನಿಯ ಬಗ್ಗೆ, ಪೊಲೀಸರ ಹಿಂಸೆಯ ಬಗ್ಗೆ ಪುಟಗಟ್ಟಲೆ ಬರೆದು ರಂಗಶಾಲೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಇಡೀ ಬದುಕಿನ ಒಳಸುಳಿ ಇರುವುದು ಆ ಒಂದು ಸಾಲಿನಲ್ಲಿ ಎಂಬುದು ನನ್ನ ನಂಬಿಕೆ.

ಮೊದಲು ಸಾಮಾನ್ಯ ತರ್ಕದ ಒಂದು ಪ್ರಶ್ನೆ. ಓಡಾಟಕ್ಕೆ ಪರವಾನಗಿಯಾಗಿದ್ದ ಪಾಸ್ ಪುಸ್ತಕ ಜೇಬಿನಲ್ಲಿಟ್ಟುಕೊಳ್ಳದೆ ಬೀದಿಗಿಳಿಯುವ ಹಾಗಿಲ್ಲದ ಜನ ಆ ದೇಶದಲ್ಲಿ ಲಕ್ಷಗಟ್ಟಲೆ ಇದ್ದರು. ಗಣಿಯಲ್ಲಿ, ಬಿಳಿಯರ ಅಡುಗೆಮನೆಯಲ್ಲಿ, ಹೊಲಗಳಲ್ಲಿ ಅವರು ಪಟ್ಟ ಪಾಡು ಕಾನಿಯವರ ಪಾಡಿಗಿಂತ ಕಡಿಮೆಯದೇನಲ್ಲ. ನೋವೇ ನಟನನ್ನು ತಯಾರು ಮಾಡುವುದಾದರೆ ನ್ಯೂ ಬ್ರೈಟನ್ನಿನ ಪ್ರತಿ ಬೀದಿಯಲ್ಲೂ ಒಬ್ಬ ಕಾನಿ ಇರಬೇಕಿತ್ತು. ಹಾಗಾಗಲಿಲ್ಲ. ಎಲ್ಲರಿಗೂ ಸಮನಾಗಿ ಹಂಚಿಹೋಗಿದ್ದ ಒಂದು ಸಂಗತಿಯನ್ನು ಕಾನಿ ಮತ್ತು ನ್ಟ್ಶೋನಾ ಇಬ್ಬರ ಸಾಧನೆಗೆ ಕಾರಣವೆಂದು ತೋರಿಸಲು ಬರುವುದಿಲ್ಲ. ಆ ಇಬ್ಬರಿಗೆ ಸಿಕ್ಕಿ ಉಳಿದವರಿಗೆ ಸಿಗದೇ ಹೋದದ್ದು ಏನು ಎಂದು ಹುಡುಕಬೇಕು.

ಹುಡುಕಿದರೆ ಸಿಗುವುದು ತಾಲೀಮು. ಕಾನಿ ಸೇರಿದ ಸರ್ಪೆಂಟ್ ಪ್ಲೇಯರ್ಸ್ ಎಂಬ ಆ ತಂಡ ಶುರುವಾದದ್ದು 1963ರಲ್ಲಿ. ನ್ಯೂ ಬ್ರೈಟನ್ನಿನ ಕೆಲವರು ನಾಟಕಕಾರ ಅಥೊಲ್ ಫ್ಯೂಗಾರ್ಡ್ ಅವರ ಮನೆ ಬಾಗಿಲಿಗೆ ಹೋಗಿ, ನಮಗೆ ನಾಟಕ ಕಲಿಸಿ ಎಂದು ಕೇಳಿದರು. ಮೊದಲು ಸಿಕ್ಕ ಜಾಗ ಹಾವುಗಳನ್ನು ಇಡುತ್ತಿದ್ದ ಹಳೆಯ ಗುಂಡಿ. ತಂಡದ ಹೆಸರೂ ಅಲ್ಲಿಂದಲೇ ಬಂತು. ಶಾಲಾ ಮಾಸ್ತರು, ಗುಮಾಸ್ತ, ಮನೆಗೆಲಸದವರು, ಕಾರ್ಖಾನೆ ಕೂಲಿಗಳು ದಿನದ ದುಡಿಮೆ ಮುಗಿಸಿ ಬಂದು ಅಭ್ಯಾಸ ಮಾಡುತ್ತಿದ್ದರು. ಅವರು ಆಡಿದ ನಾಟಕಗಳ ಪಟ್ಟಿ ನೋಡಬೇಕು. ಮೆಕಿಯಾವೆಲ್ಲಿಯ ಪ್ರಹಸನ, ಬ್ಯೂಕ್ನರನ ‘ವೊಯ್ಜೆಕ್’, ಬ್ರೆಕ್ಟನ ‘ಕಕೇಶಿಯನ್ ಚಾಕ್ ಸರ್ಕಲ್’, ಸೊಫೊಕ್ಲಿಸನ ‘ಆಂಟಿಗೊನೆ’, ಕಮೂವಿನ ಒಂದು ನಾಟಕ. ಯಾವ ವಿಶ್ವವಿದ್ಯಾಲಯದ ನಾಟಕ ವಿಭಾಗವಾದರೂ ಹೆಮ್ಮೆಯಿಂದ ತೋರಿಸಬಹುದಾದ ಪಠ್ಯಕ್ರಮ ಇದು. ಅಂಥ ವಿಭಾಗಗಳ ಬಾಗಿಲನ್ನು 1959ರ ಕಾನೂನು ಕಪ್ಪು ವಿದ್ಯಾರ್ಥಿಗಳಿಗೆ ಹೆಚ್ಚುಕಡಿಮೆ ಮುಚ್ಚಿತ್ತು. ಮುಚ್ಚಿದ ಬಾಗಿಲಿನ ಹೊರಗೆ ಅವರು ತಮ್ಮದೇ ಶಾಲೆ ನಡೆಸಿದರು.

1966ರಲ್ಲಿ ಅವರು ಮಾಡಿದ ‘ದಿ ಕೋಟ್’ ಎಂಬ ಪುಟ್ಟ ನಾಟಕ ನನಗೆ ಮುಂದೆ ಹೆಸರಾದ ‘ದಿ ಐಲ್ಯಾಂಡ್’ ನಾಟಕಕ್ಕಿಂತಲೂ ಮುಖ್ಯವೆನ್ನಿಸುತ್ತದೆ. ತಂಡದ ಒಬ್ಬ ಸದಸ್ಯನ ಮೇಲೆ ರಾಜಕೀಯ ಮೊಕದ್ದಮೆ ನಡೆಯುತ್ತಿತ್ತು. ಅದಕ್ಕಾಗಿ ಕೋರ್ಟಿಗೆ ಹೋಗಿದ್ದಾಗ, ಶಿಕ್ಷೆಗೊಳಗಾದ ಇನ್ನೊಬ್ಬ ಮುದುಕ ತನ್ನ ಮೈಮೇಲಿದ್ದ ಕೋಟು ಬಿಚ್ಚಿ, ಇದನ್ನು ನನ್ನ ಹೆಂಡತಿಗೆ ತಲುಪಿಸಿ ಎಂದು ಕೊಟ್ಟು ಕಳಿಸಿದ. ಇಷ್ಟೇ ಘಟನೆ. ತಂಡ ಅದನ್ನು ಹಿಡಿದು ಕಣ್ಣೀರಿನ ನಾಟಕ ಬರೆಯಬಹುದಿತ್ತು. ಅವರು ಮಾಡಿದ್ದು ಬೇರೆ. ಕೋಟನ್ನು ನಡುವೆ ಇಟ್ಟುಕೊಂಡು ಒಬ್ಬರಿಗೊಬ್ಬರು ಪ್ರಶ್ನೆ ಹಾಕಿದರು. ಆ ಹೆಂಗಸು ಇದನ್ನು ಏನು ಮಾಡುತ್ತಾಳೆ? ಎತ್ತಿಡುತ್ತಾಳಾ, ಮಗನಿಗೆ ತೊಡಿಸುತ್ತಾಳಾ, ಬಾಡಿಗೆ ಕಟ್ಟಲು ಮಾರುತ್ತಾಳಾ? ಗಂಡ ವಾಪಸು ಬಂದು ಕೋಟೆಲ್ಲಿ ಎಂದು ಕೇಳಿದರೆ ಏನು ಹೇಳುತ್ತಾಳೆ? ಒಂದೊಂದು ಉತ್ತರವನ್ನೂ ಆಡಿ ನೋಡಿದರು, ಸುಳ್ಳೆನಿಸಿದ್ದನ್ನು ಬಿಟ್ಟರು. ಅಭಿನಯದ ಅಭ್ಯಾಸ ಎಂದೇ ಆ ನಾಟಕವನ್ನು ಅವರು ಕರೆದರು. ನೋವನ್ನು ಕೈಯಲ್ಲಿ ಹಿಡಿದುಕೊಂಡು ಅದರಿಂದ ಒಂದಿಷ್ಟು ದೂರ ನಿಂತು ನೋಡುವ ಶಿಸ್ತು ಇಲ್ಲಿದೆ. ಈ ಶಿಸ್ತು ನೋವಿನಿಂದ ತಾನಾಗಿ ಬರುವಂಥದ್ದಲ್ಲ. ನೋವು ಸಾಮಾನ್ಯವಾಗಿ ಇದಕ್ಕೆ ಅಡ್ಡಿಯನ್ನೇ ತರುತ್ತದೆ.

ಇಂಥ ಏಳು ವರ್ಷಗಳ ಅಭ್ಯಾಸದ ಮೇಲೆ, 1972ರ ಅಕ್ಟೋಬರಿನಲ್ಲಿ, ಕೇಪ್ ಟೌನಿನ ‘ದಿ ಸ್ಪೇಸ್’ ರಂಗಮಂದಿರದಲ್ಲಿ ಕಾನಿ ಮತ್ತು ನ್ಟ್ಶೋನಾ ‘ಸಿಜ್ವೆ ಬಾನ್ಸಿ ಈಸ್ ಡೆಡ್’ ಆಡಿದರು. ಪಾಸ್ ಪುಸ್ತಕದಲ್ಲಿ ಬೇಕಾದ ಠಸ್ಸೆ ಇಲ್ಲದ ಒಬ್ಬ ಬಡವ, ಸತ್ತವನೊಬ್ಬನ ಪುಸ್ತಕ ತೆಗೆದುಕೊಂಡು ಆ ಹೆಸರಿನಲ್ಲಿ ಬದುಕಲು ತೀರ್ಮಾನಿಸುವ ಕಥೆ. ನಾಟಕ ಮೊದಲಾಗುವುದು ಸ್ಟೈಲ್ಸ್ ಎಂಬ ಫೋಟೋಗ್ರಾಫರನ ಉದ್ದನೆಯ ಮಾತಿನಿಂದ. ಆ ಪಾತ್ರ ಕಾನಿಯವರದು. ಪೇಪರು ಓದುತ್ತ ಓದುತ್ತ ಅವನಿಗೆ ತಾನು ಫೋರ್ಡ್ ಕಾರ್ಖಾನೆಯಲ್ಲಿದ್ದ ಕಾಲ ನೆನಪಾಗುತ್ತದೆ. ಅಮೆರಿಕದಿಂದ ದೊಡ್ಡ ಧಣಿ ಬರುತ್ತಾನೆಂದು ಕಾರ್ಖಾನೆಯನ್ನು ತೊಳೆದು ಬಳಿದು ಸಜ್ಜುಗೊಳಿಸಿದ ಪ್ರಸಂಗವನ್ನು ಅವನು ಹೇಳುತ್ತಾನೆ. ಮೇಲಧಿಕಾರಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕಾರ್ಮಿಕರಿಗೆ ತಮ್ಮ ಭಾಷೆಯಲ್ಲಿ ದಾಟಿಸುವ ಕೆಲಸ ಅವನಿಗೆ ಬಿದ್ದಿರುತ್ತದೆ. ದಾಟಿಸುವ ನೆಪದಲ್ಲಿ ಬೇರೆಯದನ್ನೇ ಹೇಳಿಬಿಡುತ್ತಾನೆ. ಮೇಲಧಿಕಾರಿ, ಕಾರ್ಮಿಕರು, ಧಣಿ, ತಾನು, ಎಲ್ಲರೂ ಒಬ್ಬನೇ ನಟನ ಮೈಯಲ್ಲಿ ಬಂದು ಹೋಗುತ್ತಾರೆ. ಸಭಿಕರು ನಕ್ಕಷ್ಟೂ ಮಾತು ಬೆಳೆಯುತ್ತಿತ್ತು, ಆ ದಿನದ ಪತ್ರಿಕೆಯ ಸುದ್ದಿಯೂ ಒಳಗೆ ಸೇರುತ್ತಿತ್ತು. ಕಾನಿ ಆ ಕಾರ್ಖಾನೆಯಲ್ಲಿ ನಿಜವಾಗಿ ದುಡಿದವರು, ಅನುಭವ ಅವರದೇ, ಸರಿ. ಜೊತೆಗೆ ದುಡಿದವರಿಗೂ ಅದೇ ಅನುಭವ ಇತ್ತು. ಅದನ್ನು ಹೊತ್ತು, ಲಯ, ದನಿಯ ಏರಿಳಿತಕ್ಕೆ ಒಗ್ಗಿಸಿ, ನಗು ಎಲ್ಲಿ ನಿಲ್ಲಬೇಕೆಂದು ತಿಳಿದು ಆಡಿದವರು ಒಬ್ಬರು. ನಟನೆಯ ವಿದ್ಯೆ ಎಂದರೆ ಇದೇ.

ಮರುವರ್ಷದ ‘ದಿ ಐಲ್ಯಾಂಡ್’ ಇನ್ನೂ ಸ್ಪಷ್ಟವಾದ ಪುರಾವೆ. ರಾಬೆನ್ ದ್ವೀಪದ ಸೆರೆಮನೆಯ ಇಬ್ಬರು ಕೈದಿಗಳು, ಜಾನ್ ಮತ್ತು ವಿನ್‌ಸ್ಟನ್, ಪಾತ್ರಗಳಿಗೆ ನಟರದೇ ಹೆಸರು. ಸೆರೆಮನೆಗಳ ಬಗ್ಗೆ ಬರೆಯುವುದನ್ನೇ ಕಾನೂನು ತಡೆದಿದ್ದರಿಂದ ಮೊದಲ ಪ್ರದರ್ಶನಕ್ಕೆ ಬೇರೆ ಹೆಸರು ಕೊಟ್ಟಿದ್ದರು. ತೆರೆ ಎದ್ದ ಮೇಲೆ ಬಹಳ ಹೊತ್ತು ಮಾತೇ ಇಲ್ಲ. ಒಬ್ಬ ಮರಳು ಅಗೆದು ಕೈಗಾಡಿಗೆ ತುಂಬುತ್ತಾನೆ. ಗಾಡಿಯನ್ನು ತಳ್ಳಿಕೊಂಡು ಹೋಗಿ ಇನ್ನೊಬ್ಬ ಅಗೆಯುತ್ತಿರುವ ಗುಂಡಿಯ ಹತ್ತಿರ ಸುರಿಯುತ್ತಾನೆ. ಆ ಇನ್ನೊಬ್ಬ ತನ್ನ ಮರಳನ್ನು ತಂದು ಇವನ ಗುಂಡಿಯ ಹತ್ತಿರ ಸುರಿಯುತ್ತಾನೆ. ಎರಡು ರಾಶಿಗಳೂ ಕರಗುವುದೇ ಇಲ್ಲ. ರಂಗದ ಮೇಲೆ ಸಲಿಕೆಯೂ ಇಲ್ಲ, ಗಾಡಿಯೂ ಇಲ್ಲ, ಒಂದು ಹಿಡಿ ಮರಳೂ ಇಲ್ಲ, ಎಲ್ಲ ಮೂಕಾಭಿನಯ. ಬೆನ್ನು ಬಾಗಿದ ರೀತಿ, ಉಸಿರು, ಗಾಡಿ ತುಂಬಿದಾಗ ತೋಳು ಸೆಳೆಯುವ ರೀತಿ, ಖಾಲಿಯಾದಾಗ ಸಡಿಲವಾಗುವ ರೀತಿ, ಇಷ್ಟರಲ್ಲೇ ಭಾರ ಕಾಣಬೇಕು. ಆಮೇಲೆ ಸೀಟಿ, ಕೋಳ, ಹೊಡೆತ. ಕೋಣೆಯೊಳಗೆ ಬಂದ ಮೇಲೆ ಜಾನ್ ಒಂದು ಖಾಲಿ ಲೋಟವನ್ನು ಕಿವಿಗೆ ಹಿಡಿದು ಊರಿಗೆ ಫೋನು ಮಾಡುವ ಆಟ ಆಡುತ್ತಾನೆ, ವಿನ್‌ಸ್ಟನ್ ಪಕ್ಕದಲ್ಲಿ ಕುಳಿತು ಯಾರ್ಯಾರ ಸುದ್ದಿ ಕೇಳಬೇಕೆಂದು ಹೇಳಿಕೊಡುತ್ತಾನೆ.

ಈ ನಾಟಕ ಕೆಲವೇ ವಾರಗಳಲ್ಲಿ ರೂಪುಗೊಂಡಿತು. ನೋಡಿ, ನೋವಿನ ಒತ್ತಡಕ್ಕೆ ಹೇಗೆ ತಾನಾಗಿ ಉಕ್ಕಿ ಬಂತು ಎಂದು ಉದಾಹರಣೆ ಕೊಡುವವರಿದ್ದಾರೆ. ತಾಲೀಮು ಹೇಗೆ ಶುರುವಾಯಿತೆಂದು ಗಮನಿಸಿದರೆ ಹಾಗೆನ್ನಿಸುವುದಿಲ್ಲ. ಫ್ಯೂಗಾರ್ಡ್ ನೆಲದ ಮೇಲೆ ಒಂದು ದೊಡ್ಡ ಕಂಬಳಿ ಹಾಸಿ ಇಬ್ಬರನ್ನೂ ಅದರ ಮೇಲೆ ಓಡಾಡಲು ಹೇಳಿದರು. ಕಂಬಳಿಯನ್ನು ಮಡಿಸಿದರು. ಮತ್ತೆ ಮಡಿಸಿದರು. ಕೊನೆಗೆ ಇಬ್ಬರಿಗೆ ನಿಲ್ಲುವಷ್ಟೇ ಜಾಗ ಉಳಿಯಿತು. ಸೆರೆಕೋಣೆಯ ಅಳತೆ ನಟರ ಮೈಗೆ ಗೊತ್ತಾಗಿದ್ದು ಹಾಗೆ. ಇದು ಪಾಠ, ಅದೂ ಬಹಳ ಒಳ್ಳೆಯ ಪಾಠ. ಪೋಲಿಷ್ ನಿರ್ದೇಶಕ ಗ್ರೊಟೊವ್‌ಸ್ಕಿಯ ವಿಚಾರಗಳನ್ನು ಓದಿಕೊಂಡಿದ್ದ ಒಬ್ಬ ಮೇಷ್ಟ್ರು, ವರ್ಷಗಟ್ಟಲೆ ಸಂಜೆಗಳನ್ನು ತೆತ್ತಿದ್ದ ಇಬ್ಬರು ಕಲಿತವರು ಅಲ್ಲಿದ್ದರು. ವಾರಗಳಲ್ಲಿ ನಾಟಕ ಆಗಲು ಹಿಂದಿನ ಎಂಟು ವರ್ಷ ಬೇಕಾಗಿತ್ತು. ಪೊಲೀಸರು ಜಪ್ತಿ ಮಾಡದಿರಲಿ ಎಂದು ಈ ನಾಟಕಗಳ ಪ್ರತಿಯನ್ನು ಮೊದಲು ಬರೆದಿಟ್ಟಿರಲೂ ಇಲ್ಲ. ಆರಂಭದಲ್ಲಿ ಅವು ಉಳಿದದ್ದು ನಟರ ನೆನಪಿನಲ್ಲಿ, ಸ್ನಾಯುಗಳಲ್ಲಿ. 1974ರಲ್ಲಿ ಪುಸ್ತಕವಾಗಿ ಬಂದಾಗ ಕಾನಿ ಮತ್ತು ನ್ಟ್ಶೋನಾ ಅವರ ಹೆಸರೂ ಕರ್ತೃಗಳ ಸಾಲಿನಲ್ಲಿ ಇತ್ತು, ಇರಲೇಬೇಕಿತ್ತು.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಪಾಸ್ ಪುಸ್ತಕ ಇಲ್ಲದಿದ್ದರೆ ‘ಸಿಜ್ವೆ ಬಾನ್ಸಿ’ಗೆ ವಸ್ತುವೇ ಇರುತ್ತಿರಲಿಲ್ಲ. ರಾಬೆನ್ ದ್ವೀಪಕ್ಕೆ ಹೋದ ಸರ್ಪೆಂಟ್ ಪ್ಲೇಯರ್ಸ್ ಸದಸ್ಯರು ಅಲ್ಲಿಯ ಕೈದಿಗಳ ಮನರಂಜನಾ ಕಾರ್ಯಕ್ರಮದಲ್ಲಿ ‘ಆಂಟಿಗೊನೆ’ಯ ತುಣುಕು ಆಡಿದ್ದ ಸುದ್ದಿ ಬಾರದಿದ್ದರೆ ‘ದಿ ಐಲ್ಯಾಂಡ್’ನ ಕೊನೆಯ ದೃಶ್ಯವೂ ಇರುತ್ತಿರಲಿಲ್ಲ. ಕಲೆಯ ವಸ್ತು ಬದುಕಿನಿಂದಲೇ ಬರುತ್ತದೆ, ಇದರಲ್ಲಿ ನನಗೆ ತಕರಾರಿಲ್ಲ. ವಸ್ತು ಒದಗಿದ್ದನ್ನೇ ಕಲೆ ಹುಟ್ಟಿದ್ದಕ್ಕೆ ಕಾರಣವೆಂದು ಎಣಿಸುವುದರಲ್ಲಿ ತಕರಾರು. ಹಾಗೆ ಎಣಿಸಿದರೆ ಗೌರವದ ಒಂದು ಪಾಲು ಕೈದಿಗೆ ಕೋಳ ತೊಡಿಸಿದವನಿಗೂ ಹೋಗಿಬಿಡುತ್ತದೆ.

ಆ ಸರಕಾರ ಈ ನಟರಿಗೆ ನಿಜವಾಗಿ ಮಾಡಿದ್ದೇನು? ಕಪ್ಪು ಮನುಷ್ಯನ ಪಾಸ್ ಪುಸ್ತಕದಲ್ಲಿ ನಟ ಎಂಬ ಉದ್ಯೋಗಕ್ಕೆ ಜಾಗವೇ ಇರಲಿಲ್ಲ. ಕೆಲಸ ಬಿಟ್ಟು ಪೂರ್ಣಾವಧಿ ನಟರಾದಾಗ ಕಾನಿ ಮತ್ತು ನ್ಟ್ಶೋನಾ ದಾಖಲೆಯಲ್ಲಿ ಫ್ಯೂಗಾರ್ಡ್ ಅವರ ಮನೆಯಾಳುಗಳಾದರು. ಜಗತ್ತಿನ ದೊಡ್ಡ ರಂಗಮಂದಿರಗಳಲ್ಲಿ ಆಡಿ ಬಂದ ಮೇಲೂ, 1976ರಲ್ಲಿ ಟ್ರಾನ್ಸ್‌ಕಾಯ್‌ನ ಬಟರ್‌ವರ್ತ್‌ನಲ್ಲಿ ‘ಸಿಜ್ವೆ ಬಾನ್ಸಿ’ ಆಡಿದ್ದಕ್ಕೆ ಇಬ್ಬರನ್ನೂ ಹಿಡಿದು ಒಳಗೆ ಹಾಕಿದರು. ಹೊರದೇಶಗಳಿಂದ ಪ್ರತಿಭಟನೆ ಎದ್ದ ಮೇಲೆ ಬಿಟ್ಟರು. ಪೊಲೀಸರ ಹೊಡೆತಕ್ಕೆ ಕಾನಿ ತಮ್ಮ ಎಡಗಣ್ಣನ್ನೇ ಕಳೆದುಕೊಂಡರು. 1985ರಲ್ಲಿ ಅವರ ತಮ್ಮ ಒಂದು ಶವಸಂಸ್ಕಾರದಲ್ಲಿ ಕವನ ಓದುತ್ತಿದ್ದಾಗ ಪೊಲೀಸರ ಗುಂಡಿಗೆ ಸತ್ತರು. ಈ ಪಟ್ಟಿಯಲ್ಲಿ ಒಬ್ಬ ನಟನಿಗೆ ಸಿಕ್ಕಿದ್ದು ಏನೂ ಇಲ್ಲ. ಹೋದದ್ದು ಮಾತ್ರ ಇದೆ. ಕಣ್ಣು ಹೋಯಿತು, ತಮ್ಮ ಹೋದ, ತಾಲೀಮಿಗೆ ಒದಗಬೇಕಿದ್ದ ದಿನಗಳು ಹೋದವು.

ನೋವಿನ ಸಿದ್ಧಾಂತ 1980ರ ದಶಕದ ಕಾನಿಯವರನ್ನು ಹೇಗೆ ವಿವರಿಸುತ್ತದೆಂದೂ ನನಗೆ ತಿಳಿಯದು. 1980ರಲ್ಲಿ ಬೆಕೆಟನ ‘ವೇಟಿಂಗ್ ಫಾರ್ ಗೋಡೊ’, 1985ರಲ್ಲಿ ಸ್ಟ್ರಿಂಡ್‌ಬರ್ಗನ ‘ಮಿಸ್ ಜೂಲಿ’, 1987ರಲ್ಲಿ ಜಾನೆಟ್ ಸುಜ್ಮನ್ ನಿರ್ದೇಶನದಲ್ಲಿ ಜೋಹಾನ್ಸ್‌ಬರ್ಗಿನ ಮಾರ್ಕೆಟ್ ಥಿಯೇಟರಿನ ‘ಒಥೆಲೊ’. ‘ಮಿಸ್ ಜೂಲಿ’ಯಲ್ಲಿ ಬಿಳಿಯ ನಟಿ ಸಾಂಡ್ರಾ ಪ್ರಿನ್ಸ್‌ಲೂ ಅವರನ್ನು ಕಾನಿ ಮುದ್ದಿಸುವ ದೃಶ್ಯಕ್ಕೆ ಬಿಳಿಯ ಪ್ರೇಕ್ಷಕರು ಎದ್ದು ಹೊರನಡೆದರು. ಅದೇ ಸುದ್ದಿಯಾಯಿತು, ಇಂದಿಗೂ ಅದೇ ಸುದ್ದಿ. ಆ ಗದ್ದಲದಲ್ಲಿ, ಟೌನ್‌ಶಿಪ್ಪಿನ ಫೋಟೋಗ್ರಾಫರನ ಪಾತ್ರದಿಂದ ಹೆಸರಾದ ಒಬ್ಬ ನಟ ಸ್ವೀಡನ್ನಿನ ಆಳಿನ ಪಾತ್ರವನ್ನು, ವೆನಿಸ್ಸಿನ ಸೇನಾಪತಿಯ ಪಾತ್ರವನ್ನು ಹೊತ್ತು ನಡೆದ ಎಂಬ ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ನೊಂದವನು ತನ್ನ ನೋವನ್ನು ಹೇಳಿಕೊಳ್ಳಬಲ್ಲ, ಒಪ್ಪೋಣ. ಶೇಕ್ಸ್‌ಪಿಯರನ ಪದ್ಯವನ್ನು ಉಸಿರು ಕೆಡದಂತೆ ಹೇಳುವುದು ಕಲಿತವನಿಗೆ ಮಾತ್ರ ಬರುತ್ತದೆ.

ಇನ್ನು 1989ರ ಮಾತು. ಮಾರ್ಕೆಟ್ ಥಿಯೇಟರನ್ನು ಬಾರ್ನಿ ಸೈಮನ್ ಮತ್ತು ಮ್ಯಾನಿ ಮೆನಿಮ್ ತೆರೆದದ್ದು 1976ರ ಜೂನ್‌ನಲ್ಲಿ, ಸೊವೆಟೊದಲ್ಲಿ ಶಾಲಾಮಕ್ಕಳ ಮೇಲೆ ಗುಂಡು ಹಾರಿದ ಕೆಲವೇ ದಿನಗಳಲ್ಲಿ. ಕಟ್ಟಡ ಭಾರತೀಯ ಮೂಲದ ವ್ಯಾಪಾರಿಗಳು ಹಣ್ಣು ಮಾರುತ್ತಿದ್ದ ಹಳೆಯ ಇಂಡಿಯನ್ ಫ್ರೂಟ್ ಮಾರ್ಕೆಟ್. ಕಪ್ಪು ಬಿಳಿ ಎನ್ನದೆ ಎಲ್ಲರೂ ಒಟ್ಟಿಗೆ ಕೂತು ನಾಟಕ ನೋಡುವ, ಒಟ್ಟಿಗೆ ಆಡುವ ಜಾಗ ಅದಾಯಿತು. ಹದಿಮೂರು ವರ್ಷದ ಮೇಲೆ, ಮಂಡೇಲಾ ಇನ್ನೂ ಸೆರೆಯಲ್ಲಿದ್ದಾಗ, ದೇಶದಲ್ಲಿ ತುರ್ತುಪರಿಸ್ಥಿತಿ ಇದ್ದಾಗ, ಸೈಮನ್ ಮತ್ತು ಕಾನಿ ಮಾರ್ಕೆಟ್ ಥಿಯೇಟರ್ ಲ್ಯಾಬೊರೇಟರಿ ಎಂಬ ಶಾಲೆ ತೆರೆದರು. ಟೌನ್‌ಶಿಪ್‌ಗಳ, ಹಳ್ಳಿಗಳ ಹುಡುಗ ಹುಡುಗಿಯರು, ವಿಶ್ವವಿದ್ಯಾಲಯದ ಮುಖ ಕಾಣದವರು, ಅಲ್ಲಿ ಬಂದು ಮೈ, ದನಿ, ಗಮನ, ಕಟ್ಟುವ ಕ್ರಮ ಕಲಿಯಬೇಕು. ದೂರದ ಸಮುದಾಯ ತಂಡಗಳಿಗೂ ಅಲ್ಲಿಂದ ಮಾರ್ಗದರ್ಶನ ಹೋಗಬೇಕು. ಒಂದು ಕ್ಷಣ ಯೋಚಿಸಿ. ನೋವೇ ನಟರನ್ನು ತಯಾರಿಸುತ್ತದೆಂದು ಕಾನಿ ನಂಬಿದ್ದರೆ ಶಾಲೆ ಏಕೆ ತೆರೆಯುತ್ತಿದ್ದರು? ನೋವಂತೂ ಬೇಕಾದಷ್ಟಿತ್ತು. ಇರದಿದ್ದದ್ದು ಕಲಿಯುವ ಜಾಗ. ಟೋನಿ ಗೆದ್ದ ನಟ ಪಾಠ ಹೇಳಲು ನಿಂತದ್ದನ್ನು ವೃತ್ತಿಜೀವನದ ಹಿನ್ನಡೆ ಎಂದು ನೋಡುವ ಕಣ್ಣು ಎಲ್ಲ ಕಡೆಯೂ ಇದೆ. ನಾನು ಅದನ್ನು ಆ ವೃತ್ತಿಜೀವನದ ಅತ್ಯಂತ ಪ್ರಾಮಾಣಿಕ ಹೆಜ್ಜೆ ಎಂದು ನೋಡುತ್ತೇನೆ. ತಾವು ನಟರಾದದ್ದು ಹೇಗೆಂದು ಬಲ್ಲವರು ಆ ದಾರಿಯನ್ನು ಉಳಿದವರಿಗೂ ತೆರೆದರು.

ಈ ನಿಲುವಿನಲ್ಲಿ ಕಾನಿ ಒಂಟಿಯಾಗಿರಲಿಲ್ಲ. ದಕ್ಷಿಣ ಆಫ್ರಿಕಾದ ಲೇಖಕ ನ್ಜಬುಲೊ ನ್ಡೆಬೆಲೆ 1980ರ ದಶಕದಲ್ಲೇ ಬರೆದ ಪ್ರಬಂಧವೊಂದರಲ್ಲಿ, ದಬ್ಬಾಳಿಕೆಯ ಅಬ್ಬರವನ್ನೇ ಚಿತ್ರಿಸುವ ಬರಹಗಾರರಿಗೆ ದಿನನಿತ್ಯದ ಬದುಕಿನ ಕಡೆ ತಿರುಗಲು ಹೇಳಿದ್ದರು. ಬಾಂಬಿಗೆ ಬಲಗೈ ಕಳೆದುಕೊಂಡಿದ್ದ ವರ್ಣಭೇದ ವಿರೋಧಿ ಹೋರಾಟಗಾರ ಆಲ್ಬಿ ಸ್ಯಾಕ್ಸ್, ಸಂಸ್ಕೃತಿ ಹೋರಾಟದ ಆಯುಧ ಎಂಬ ಘೋಷಣೆಯನ್ನು ಸ್ವಲ್ಪ ಕಾಲ ನಿಲ್ಲಿಸೋಣ ಎಂದು ತಮ್ಮ ಪಕ್ಷದವರ ಮುಂದೆಯೇ 1989ರಲ್ಲಿ ವಾದಿಸಿದರು. ಹೋರಾಟದ ಬೆಲೆಯನ್ನು ಮೈಯಲ್ಲೇ ತೆತ್ತವರ ಮಾತು ಅದು. ದೂರದಲ್ಲಿ ಕೂತು ನೋವನ್ನು ಕೊಂಡಾಡುವ ನಮಗಿಂತ ಅವರ ಮಾತಿಗೆ ತೂಕ ಹೆಚ್ಚು.

1994ರಲ್ಲಿ ವರ್ಣಭೇದ ಆಡಳಿತ ಕೊನೆಗೊಂಡ ನಂತರ ಬಹಳ ಜನ, ಈಗ ಶತ್ರು ಇಲ್ಲ, ಇನ್ನು ನಾಟಕಕ್ಕೆ ವಿಷಯವೇನು ಎಂದು ಕೇಳಿದರು. ಆ ಪ್ರಶ್ನೆ ಹುಟ್ಟಿದ್ದೇ ನೋವಿನ ಸಿದ್ಧಾಂತದಿಂದ. ಕಾನಿ ತಾವೊಬ್ಬರೇ ಕೂತು ತಮ್ಮ ಮೊದಲ ನಾಟಕ ಬರೆದದ್ದು ಸ್ವಾತಂತ್ರ್ಯ ಬಂದು ಎಂಟು ವರ್ಷವಾದ ಮೇಲೆ, ಅರವತ್ತರ ಹೊಸ್ತಿಲಲ್ಲಿ. 2002ರ ‘ನಥಿಂಗ್ ಬಟ್ ದಿ ಟ್ರೂತ್’ ತಮ್ಮನ ಸಾವಿನ ನೆನಪಿನಿಂದ ಮೊಳೆತ ನಾಟಕ. ಅದರ ನಾಯಕ ಒಬ್ಬ ಗ್ರಂಥಪಾಲಕ, ಬಡ್ತಿಗಾಗಿ ಕಾಯುತ್ತಿರುವವನು. ಗಡೀಪಾರಾಗಿ ವಿದೇಶದಲ್ಲಿ ಮೆರೆದ ತಮ್ಮನ ಬೂದಿ ಮನೆಗೆ ಬಂದಾಗ ಊರಿನಲ್ಲೇ ಉಳಿದ ಅಣ್ಣನ ಹಳೆಯ ಅಸೂಯೆ ಹೊರಬೀಳುತ್ತದೆ. ತಮ್ಮ ಸತ್ತ 1985ರಲ್ಲೇ ಕಾನಿ ಇದನ್ನು ಬರೆಯಲಿಲ್ಲ. ಹದಿನೇಳು ವರ್ಷ ಬೇಕಾಯಿತು.

2019ರಲ್ಲಿ ಅವರು ಬರೆದು, ಆಂಟನಿ ಶೇರ್ ಜೊತೆ ಆಡಿದ ‘ಕುನೇನೆ ಆ್ಯಂಡ್ ದಿ ಕಿಂಗ್’ನಲ್ಲಿ ಸಾಯುತ್ತಿರುವ ಬಿಳಿಯ ನಟನೊಬ್ಬ ‘ಲಿಯರ್’ ಪಾತ್ರಕ್ಕೆ ಸಿದ್ಧನಾಗುತ್ತಿರುತ್ತಾನೆ. ಅವನನ್ನು ನೋಡಿಕೊಳ್ಳಲು ಬಂದ ಪುರುಷ ನರ್ಸ್ ಲುಂಗಾ ಕುನೇನೆಗೆ ಶಾಲೆಯಲ್ಲಿ ಕಲಿಸಿದ್ದು ಶೇಕ್ಸ್‌ಪಿಯರನ ಒಂದೇ ನಾಟಕ, ‘ಜೂಲಿಯಸ್ ಸೀಸರ್’. ಕಾನಿಯವರೂ ಶಾಲೆಯಲ್ಲಿ ಅದನ್ನು ಖೋಸಾ ಭಾಷೆಯ ಅನುವಾದದಲ್ಲಿ ಓದಿ ಮನಸೋತವರು. ಉಳಿದ ನಾಟಕಗಳು ಆ ಶಾಲೆಗಳ ಪಾಠದಲ್ಲಿ ಇರಲಿಲ್ಲ. ಕುನೇನೆಗೆ ತಾನು ಪಟ್ಟ ಪಾಡಿನ ಬಗ್ಗೆ ಹೆಮ್ಮೆಯಿಲ್ಲ. ತನಗೆ ಓದಲು ಕೊಡದೇ ಹೋದ ಪುಸ್ತಕಗಳ ಬಗ್ಗೆ ಸಿಟ್ಟಿದೆ. 75ರ ವಯಸ್ಸಿನಲ್ಲಿ ಆ ಪಾತ್ರ ಬರೆದು ತಾವೇ ಆಡಿದ ಕಾನಿಯವರನ್ನು, ನಿಮ್ಮನ್ನು ದೊಡ್ಡ ನಟರನ್ನಾಗಿ ಮಾಡಿದ್ದು ನಿಮ್ಮ ಸಂಕಟವೇ ಅಲ್ಲವೇ ಎಂದು ಕೇಳುವ ಧೈರ್ಯ ನನಗಿಲ್ಲ.